ಅವರವರ ಭಾಷೆಯಲ್ಲಿ

(ಪೆಂತೆಕೋಸ್ತ್ ಹಬ್ಬದ ಪ್ರಬೋಧನೆ)



ಇಂದಿನ ಮೊದಲ ವಾಚನದಲ್ಲಿ ಊರುಗಳ ಉದ್ದನೆಯ ಪಟ್ಟಿಯಿದೆ. ಓದುವವರಿಗೆ ನಾಲಿಗೆ ತೊಡರುತ್ತದೆ, ಕೇಳುವವರಿಗೆ ಬೇಸರ. ಆದರೆ ಸಂತ ಲೂಕರು ಆ ಹೆಸರುಗಳನ್ನು ಬೇಕೆಂದೇ ಬರೆದಿದ್ದಾರೆ. ಅಲ್ಲಿ ನೆರೆದವರೆಲ್ಲ ಮೊದಲು ಒಂದು ಭಾಷೆ ಕಲಿತು ಬನ್ನಿ ಎಂದು ಪವಿತ್ರಾತ್ಮರು ಹೇಳಲಿಲ್ಲ. ಬದಲಾದದ್ದು ಸಾರುವವರ ನಾಲಿಗೆ.

ಆ ಪಟ್ಟಿಗೆ ನಮ್ಮ ಕೋಲಾರ ಜಿಲ್ಲೆಯನ್ನೂ ಸೇರಿಸಬಹುದು. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. 1880ರ ನಂತರ ಚಿನ್ನದ ಗಣಿಗೆ ದುಡಿಯಲು ಬಂದ ತಮಿಳು ಕುಟುಂಬಗಳಲ್ಲಿ ಅನೇಕರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ಇಲ್ಲೇ ಉಳಿದರು. ಅವರ ಮಕ್ಕಳು ಮೊಮ್ಮಕ್ಕಳು ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡಕ್ಕೆ. ಬಲವಂತದಿಂದ ಅಂಥ ಕನ್ನಡ ಬರುವುದಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಗುರುದೀಕ್ಷೆಯಾದ ಹೊಸತರಲ್ಲಿ ಒಬ್ಬ ಮುದುಕಿ ಪಾಪನಿವೇದನೆಗೆ ಬಂದು ತೆಲುಗಿನಲ್ಲಿ ಶುರುಮಾಡಿದರು. ನನಗೆ ತೆಲುಗು ಬಾರದು. "ಕನ್ನಡದಲ್ಲಿ ಹೇಳಮ್ಮ, ಕರ್ನಾಟಕದಲ್ಲೇ ಇದ್ದೀರಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಸ್ವಾಮಿ" ಎಂದು ಎದ್ದು ಹೋದರು. ಅವರು ಎಲ್ಲಿಂದಲೋ ವಲಸೆ ಬಂದವರಲ್ಲ. ಹುಟ್ಟಿದ್ದು, ಮದುವೆಯಾದದ್ದು ಇದೇ ಜಿಲ್ಲೆಯಲ್ಲಿ. ಸಂತೆಗೆ ಬೇಕಾದಷ್ಟು ಕನ್ನಡ ಅವರಿಗೆ ಬರುತ್ತಿತ್ತು. ಆದರೆ ದೇವರ ಮುಂದೆ ಅಳುವುದಕ್ಕೆ ಸಂತೆಯ ಭಾಷೆ ಸಾಕೇ? ಆಮೇಲೆ ನಾನು ತೆಲುಗು ಕಲಿತೆ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಹಾಗೆಂದು ಕನ್ನಡಿಗರ ನೋವನ್ನು ಹಗುರವಾಗಿ ಕಾಣಬಾರದು. 1963ರಲ್ಲಿ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೂ ಬೆಂಗಳೂರಿನ ಕೆಲವು ದೇವಾಲಯಗಳಲ್ಲಿ ಕನ್ನಡದ ಬಲಿಪೂಜೆಯನ್ನು ಹೋರಾಡಿ ಪಡೆಯಬೇಕಾಯಿತು. ತಮ್ಮ ನೆಲದಲ್ಲೇ ಹೀಗಾದರೆ ಯಾರಿಗೆ ನೋವಾಗದು? ಇಲ್ಲಿ ನೆಲೆಸಿದವರು ಕನ್ನಡ ಕಲಿಯುವುದು ನೆಲದ ಋಣ. ಇದನ್ನು ನಾನು ತಮಿಳು, ತೆಲುಗು ಮನೆಗಳಿಗೆ ಹೋದಾಗಲೂ ಹೇಳುತ್ತೇನೆ. ಆದರೆ ನಂಗಲಿ ದಾಟಿದರೆ ಆಂಧ್ರ, ಮಾಲೂರಿನಿಂದ ಸ್ವಲ್ಪ ದೂರ ಹೋದರೆ ತಮಿಳುನಾಡು. ಹೊಸೂರು, ಮಡಕಶಿರಾ, ಕಾಸರಗೋಡಿನಲ್ಲಿ ಕನ್ನಡಿಗರೇ ಅಲ್ಪಸಂಖ್ಯಾತರು. ಅಲ್ಲಿ ನಮ್ಮವರು ಕನ್ನಡ ಶಾಲೆ ಕೇಳುವಾಗ ಹಿಡಿಯುವುದು ಸಂವಿಧಾನದ 350ಎ ವಿಧಿಯನ್ನು. 1956ರಲ್ಲಿ ಸೇರಿದ ಆ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆನ್ನುತ್ತದೆ. ಅಲ್ಲಿ ನಮಗೆ ಬೇಕಾದದ್ದನ್ನು ಇಲ್ಲಿ ಬೇರೆಯವರಿಗೆ ಬೇಡ ಎನ್ನಲಾದೀತೇ?

ಆದಿಸಭೆಯಲ್ಲೂ ಈ ಜಗಳವಿತ್ತು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ನೋಡಿ. ಪೆಂತೆಕೋಸ್ತ್ ಕಳೆದು ಬಹಳ ಕಾಲವಾಗಿರಲಿಲ್ಲ. ದಿನದ ಊಟ ಹಂಚುವಾಗ ಗ್ರೀಕ್ ಮಾತಿನ ವಿಧವೆಯರನ್ನು ಕಡೆಗಣಿಸುತ್ತಾರೆಂಬ ದೂರು ಬಂತು. ಪ್ರೇಷಿತರು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು. ಸ್ತೇಫನ, ಫಿಲಿಪ್, ನಿಕನೋರ್... ಏಳೂ ಗ್ರೀಕ್ ಹೆಸರುಗಳು! ದೂರು ಕೊಟ್ಟವರ ಕೈಗೇ ಸೌಟು ಬಂದಂತಾಯಿತು.

ಇನ್ನೊಂದು ಮಾತು. ಹಬ್ಬದ ಹಾಡು ಯಾವ ಭಾಷೆಯಲ್ಲಿ ಎಂದು ಜಗಳವಾಡುವ ನಾವೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿ ಬರುತ್ತೇವೆ. ಕನ್ನಡವೂ ಓದಲು ಬಾರದು, ತಮಿಳೂ ಬಾರದು. ಅಜ್ಜಿಯ ಜಪಸರದ ಪ್ರಾರ್ಥನೆ ಮೊಮ್ಮಗನಿಗೆ ಅರ್ಥವಾಗದು. ಆಗ ಯಾರು ಗೆದ್ದಂತೆ? ಸಭೆಯ ಶಾಲೆಗಳೂ ಈ ಪ್ರಶ್ನೆಗೆ ಉತ್ತರಿಸಬೇಕು. ಗುರುಗಳಾದ ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಾಲೂರಿನ ಇಟ್ಟಿಗೆ ಗೂಡುಗಳಿಗೆ, ಕಾರ್ಖಾನೆಗಳಿಗೆ ಈಗ ಒಡಿಶಾ, ಜಾರ್ಖಂಡ್ ಕಡೆಯಿಂದ ಜನ ಬರುತ್ತಿದ್ದಾರೆ. ಅವರಲ್ಲಿ ನಮ್ಮ ಸಭೆಯವರೂ ಇದ್ದಾರೆ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು, ಒಂದು ಮಾತೂ ತಿಳಿಯದೆ, ಪರಮಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ಅವರ ಕುಡುಖ್ ಭಾಷೆ ಕನ್ನಡದಂತೆಯೇ ದ್ರಾವಿಡ ಭಾಷೆ, ನಮ್ಮ ನೆಂಟರ ಭಾಷೆ. ಇಂದು ಅವರಲ್ಲೊಬ್ಬ ಹೆಣ್ಣುಮಗಳು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನು ಕುಡುಖ್‌ನಲ್ಲಿ ಮಾಡುತ್ತಾಳೆ. ನಮಗೆ ಅರ್ಥವಾಗುವುದಿಲ್ಲ. ಆದರೂ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದು ಗಟ್ಟಿಯಾಗಿ ಉತ್ತರಿಸಿ. ಈಗ ವಿಶ್ವಾಸ ಪ್ರಮಾಣಕ್ಕೆ ಎದ್ದು ನಿಲ್ಲೋಣ.