ಬಲಿ ಮತ್ತು ಆಶೀರ್ವಾದ



ಮಠಕ್ಕೆ ಬಂದವರೆಲ್ಲ "ಆಶೀರ್ವಾದ ಮಾಡಿ ಬುದ್ಧಿ" ಎನ್ನುತ್ತೀರಿ. ಆಶೀರ್ವಾದ ಕೊಡುವವರು ಯಾರು? ಅದಕ್ಕಾಗಿ ನಾವು ಅರ್ಪಿಸಬೇಕಾದುದೇನು? ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಪ್ರಾಚೀನ ಇಸ್ರಾಯೇಲರ ಪೂಜೆಯಲ್ಲಿಯೂ ಇದೇ ವಿಚಾರವಿದೆ.

ಅವರ ಯಾಜಕಕಾಂಡದಲ್ಲಿ ಬಲಿಯ ವಿಧಿಗಳಿವೆ. ಭಕ್ತನು ಊನವಿಲ್ಲದ ಪಶುವನ್ನು ತಂದು ಅದರ ತಲೆಯ ಮೇಲೆ ತನ್ನ ಕೈಯಿಡಬೇಕು. ಪಾಪನಿವಾರಣೆಗೆ ಕುರಿ ತರಲಾರದ ಬಡವನು ಎರಡು ಪಾರಿವಾಳ ತರಬಹುದು. ಅದೂ ಆಗದವನು ಒಂದಿಷ್ಟು ಹಿಟ್ಟು ತಂದರೆ ಸಾಕು. ಹಾಗಾದರೆ ದೇವರಿಗೆ ಬೇಕಾದದ್ದು ಮಾಂಸವೇ? ಅಲ್ಲ, ತಂದವನ ಮನಸ್ಸು. ದೇವರಿಗೆ ಯಜ್ಞಕ್ಕಿಂತ ಕರುಣೆಯೇ ಪ್ರಿಯವೆಂದು ಅವರ ಪ್ರವಾದಿ ಹೋಶೇಯನೇ ಸಾರಿದನು.

ಬಲಿ ಮುಗಿದ ಮೇಲೆ ಮಹಾಯಾಜಕನಾದ ಆರೋನನು ಜನರತ್ತ ಕೈಯೆತ್ತಿ ಹರಸಿದನು. ಯಾಜಕರು ನುಡಿಯಬೇಕಾದ ಹರಕೆಯ ಮಾತುಗಳು ಅರಣ್ಯಕಾಂಡದಲ್ಲಿವೆ. ಮೂರೇ ವಾಕ್ಯ, ಬೇಡುವುದು ರಕ್ಷಣೆ, ಕೃಪೆ, ಶಾಂತಿ. ಯಾಜಕರು ದೇವರ ನಾಮವನ್ನು ಜನರ ಮೇಲಿಡಬೇಕು, ಹರಸುವವನು ಮಾತ್ರ ದೇವರೇ ಎಂದು ಅಲ್ಲಿಯೇ ಹೇಳಿದೆ. ಯಾಜಕನ ಕೈ ಕಾಲುವೆ, ನೀರು ಕೆರೆಯದು. ಸ್ವಾಮಿಗಳ ಕೈಯೂ ಹಾಗೆಯೇ.

1979ರಲ್ಲಿ ಯೆರೂಸಲೇಮಿನ ಪುರಾತನ ಸಮಾಧಿಯೊಂದರಲ್ಲಿ ಎರಡು ಪುಟ್ಟ ಬೆಳ್ಳಿಯ ಸುರುಳಿಗಳು ದೊರೆತವು. ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯವು. ಅವುಗಳ ಮೇಲೆ ಈ ಹರಕೆಯ ಮಾತುಗಳನ್ನೇ ಕೊರೆದಿದ್ದಾರೆ. ಕ್ರಿ.ಶ. 70ರಲ್ಲಿ ರೋಮನರು ಅವರ ದೇವಾಲಯವನ್ನು ಕೆಡವಿದರು. ಬಲಿ ನಿಂತಿತು, ಪ್ರಾರ್ಥನೆ ಅದರ ಸ್ಥಾನಕ್ಕೆ ಬಂದಿತು. ಹರಕೆ ಮಾತ್ರ ಇಂದಿಗೂ ಯೆಹೂದ್ಯರ ಪ್ರಾರ್ಥನೆಯಲ್ಲಿ ಉಳಿದಿದೆ. ಬಲಿಯಿಲ್ಲದೆಯೂ ಕೃಪೆ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಶರಣರು 12ನೆಯ ಶತಮಾನದಲ್ಲಿಯೇ ಬಲಿಯನ್ನು ನಿರಾಕರಿಸಿದರು. ಬಲಿಗೆ ತಂದ ಮೂಕಪ್ರಾಣಿಯನ್ನು ಕಂಡು ಬಸವಣ್ಣನವರು ಮರುಗಿದರು. ಅಲ್ಲಿ ಭಕ್ತನ ಕೈ ಪಶುವಿನ ತಲೆಯ ಮೇಲಿತ್ತು; ಇಲ್ಲಿ ದೀಕ್ಷೆಯಲ್ಲಿ ಗುರುವಿನ ಕೈ ಶಿಷ್ಯನ ತಲೆಯ ಮೇಲಿರುತ್ತದೆ. ಇದೇ ಹಸ್ತಮಸ್ತಕ ಸಂಯೋಗ. ಇಲ್ಲಿ ಅರ್ಪಿತವಾಗುವುದು ತನು, ಮನ, ಧನ. ಬಲಿಯಾಗಬೇಕಾದುದು 'ನಾನು' ಎಂಬುದು.

ನಮ್ಮ ರಾಜ್ಯದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾನೂನು 1959ರಲ್ಲಿಯೇ ಆಯಿತು. ಆದರೆ ಮನಸ್ಸಿನಿಂದ ಬಲಿ ಹೋಗಿದೆಯೇ? ಆಯುಧಪೂಜೆಯ ದಿನ ಜಯನಗರ, ಬನಶಂಕರಿಯ ಬೀದಿಗಳನ್ನು ನೋಡಿ. ಬೂದುಗುಂಬಳಕ್ಕೆ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆಯುತ್ತೀರಿ. ಮಗುವನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುವ ಯಾವನೋ ತಂದೆ ಆ ಹೋಳುಗಳ ಮೇಲೆ ಜಾರಿ ಬಿದ್ದರೆ? ನಿಮ್ಮ ಗಾಡಿಯ ಕ್ಷೇಮಕ್ಕೆ ಅವನು ಬಲಿಯಾಗಬೇಕೆ?

ಅದೇ ಕುಂಬಳಕಾಯಿ ದಾಸೋಹದ ಅಡುಗೆಗೆ ಬಂದರೆ ಹತ್ತು ಜನರ ಹಸಿವು ತೀರುತ್ತದೆ. ಉಂಡವರ ತೃಪ್ತಿಯೇ ಆಶೀರ್ವಾದ. ಅದನ್ನು ನೀವು ಕೇಳಬೇಕಾಗಿಯೂ ಇಲ್ಲ.

ಎಲ್ಲರಿಗೂ ಲೇಸಾಗಲಿ.