ಬಂಗಲೆ, ಕಡಲತೀರ ಮತ್ತು ನೀಲಗಿರಿ



ಬ್ರೆಜಿಲ್ ದೇಶದ ಬಹಿಯಾ ಪ್ರಾಂತ್ಯದಲ್ಲಿ ಪೋರ್ತೊ ಸೆಗುರೊ ಎಂಬ ಕಡಲತೀರದ ಊರಿದೆ. 1500ರ ಏಪ್ರಿಲ್ 22ರಂದು ಪೆದ್ರೊ ಆಲ್ವಾರಿಸ್ ಕಬ್ರಾಲ್ ಎಂಬ ಪೋರ್ಚುಗೀಸ್ ನಾವಿಕನ ಹಡಗುಗಳಿಗೆ ಆ ನೆಲ ಮೊದಲು ಕಂಡದ್ದು ಇದರ ಸಮೀಪದಲ್ಲಿಯೇ. ಇಂದು ಅಲ್ಲಿಗೆ ಹೋಗುವ ಪ್ರವಾಸಿಗಳು ಗುಡ್ಡದ ಮೇಲಿನ ಹಳೆಯ ಇಗರ್ಜಿಗಳನ್ನು ನೋಡುತ್ತಾರೆ, ಕೆಳಗಿಳಿದು ಮರಳಿನ ದಂಡೆಯಲ್ಲಿ ವಿಹರಿಸುತ್ತಾರೆ. ಆ ತೀರಕ್ಕೆ ‘ಶೋಧನೆಯ ಕರಾವಳಿ’ ಎಂಬ ಹೆಸರಿದೆ. ಅನಾದಿಯಿಂದ ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳ ಪಾಲಿಗೆ ಅದು ಯಾವ ಬಗೆಯ ಶೋಧನೆಯೋ! ಅಲ್ಲಿ ಅಳಿದುಳಿದ ಕಾಡಿನ ತುಣುಕುಗಳನ್ನು ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪ್ರವಾಸಿ ಕಡಲಿಗೆ ಬೆನ್ನು ಮಾಡಿ ಒಳನಾಡಿನತ್ತ ಹೊರಟರೆ ಎದುರಾಗುವುದು ಕಾಗದದ ತಿರುಳಿಗಾಗಿ ಬೆಳೆಸಿದ ನೀಲಗಿರಿಯ ಸಾಲುಗಳು. ಆ ದೇಶದ ಚಳವಳಿಗಾರರು ಅಂಥ ನೆಡುತೋಪುಗಳನ್ನು ‘ಹಸಿರು ಮರುಭೂಮಿ’ ಎಂದು ಕರೆಯುತ್ತಾರೆ. ಇಗರ್ಜಿಯ ಗೋಡೆಯಲ್ಲಿ ಮುಗಿದಂತೆ ತೋರುವ ವಸಾಹತುಶಾಹಿಯ ಚರಿತ್ರೆ ನೆಲದಲ್ಲಿ ಮುಗಿದಿಲ್ಲ.

ಚಿಕ್ಕಬಳ್ಳಾಪುರದ ಮಾತಿಗೆ ಬ್ರೆಜಿಲ್ ಏಕೆ ಎಂದು ಯಾರಾದರೂ ಕೇಳಬಹುದು. ಕಬ್ರಾಲ್ ಹೊರಟದ್ದು ಭಾರತಕ್ಕೆ. ಅದೇ ವರ್ಷದ ಆಗಸ್ಟ್‌ನಲ್ಲಿ ಅವನ ನೌಕಾಪಡೆ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ತಂಗಿ, ಬಳಿಕ ಕಲ್ಲಿಕೋಟೆಗೆ ಹೋಯಿತು. ಮುಂದೆ ಇದೇ ಕಡಲಮಾರ್ಗದಲ್ಲಿ ಬ್ರೆಜಿಲ್‌ನ ಈಶಾನ್ಯ ಕರಾವಳಿಯ ಗೇರುಮರ ಗೋವೆಗೆ ಬಂತು. ‘ಕಾಜು’ ಎಂಬ ಶಬ್ದವೂ ಅಲ್ಲಿನ ಟುಪಿ ಜನರ ಭಾಷೆಯಿಂದ ಪೋರ್ಚುಗೀಸರ ನಾಲಗೆಯ ಮೇಲೆ ಬಂದದ್ದು. ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ತಡೆಯಲು ಅದನ್ನು ನೆಟ್ಟರೆಂದು ಹೇಳುತ್ತಾರೆ. ಆ ಮರದ ಗುಣ ನೋಡಿದರೆ ಮಾತು ನಂಬುವಂತಿದೆ: ನಿತ್ಯಹಸಿರು, ಅಗಲವಾದ ಛತ್ರ, ಬಡ ನೆಲದಲ್ಲಿಯೂ ಹರಡುವ ಬೇರು. ಬ್ರೆಜಿಲ್‌ನ ನತಾಲ್ ನಗರದ ಬಳಿ ಪಿರಂಜಿ ಎಂಬಲ್ಲಿ ಒಂದೇ ಗೇರುಮರ ಎರಡು ಎಕರೆಯಷ್ಟು ಹಬ್ಬಿಕೊಂಡಿದೆ. ಪ್ರವಾಸಿಗಳು ಟಿಕೆಟ್ ಕೊಂಡು ಅದರೊಳಗೆ ನಡೆದಾಡುತ್ತಾರೆ.

ಈ ಕಡಲತೀರದ ಮರ ಬಯಲುಸೀಮೆಯ ಚಿಂತಾಮಣಿಯವರೆಗೂ ಬಂದಿದೆ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದ 1993ರಲ್ಲಿ ‘ಚಿಂತಾಮಣಿ-1’ ಎಂಬ ಗೇರುತಳಿ ಬಿಡುಗಡೆಯಾಯಿತು. ಮಳೆಯನ್ನೇ ನಂಬಿದ ಕೆಂಪುನೆಲದ ರೈತನಿಗೆ, ಬದುವಿನಲ್ಲಿಯೋ ಇಳಿಜಾರಿನಲ್ಲಿಯೋ, ಇದು ಕೆಡುಕಿನ ಮರವಲ್ಲ. ಪರದೇಶದ್ದೆಂಬ ಒಂದೇ ಕಾರಣಕ್ಕೆ ಗಿಡವನ್ನು ದ್ವೇಷಿಸುವುದಾದರೆ ಮೆಣಸಿನಕಾಯಿ, ಕಡಲೆಕಾಯಿ, ಆಲೂಗಡ್ಡೆಗಳನ್ನೂ ಮನೆಯಿಂದ ಹೊರಹಾಕಬೇಕಾದೀತು. ಆದರೆ ಅದೇ ಗೇರು ಕಾಸರಗೋಡಿನಲ್ಲಿ ಸಾವಿರಾರು ಎಕರೆಯ ಏಕಬೆಳೆಯಾದಾಗ ಏನಾಯಿತು? ಎಣ್ಮಕಜೆ ಮೊದಲಾದ ಪಂಚಾಯತಿಗಳ ಜನರ ತಲೆಯ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಲ್ಲಿನ ಮಕ್ಕಳ ಸ್ಥಿತಿಯನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ತಪ್ಪು ಮರದ್ದಲ್ಲ, ಮರವನ್ನು ಸರಕೆಂದು ಮಾತ್ರ ನೋಡಿದ ತೋಟದ ವ್ಯವಸ್ಥೆಯದು.

ಈಗ ನಂದಿಬೆಟ್ಟಕ್ಕೆ ಬರೋಣ. 1478 ಮೀಟರ್ ಎತ್ತರದ ಈ ಬೆಟ್ಟಕ್ಕೆ ವಾರಾಂತ್ಯದ ನಸುಕಿನಲ್ಲಿ ಬೆಂಗಳೂರಿನಿಂದ ವಾಹನಗಳ ಸಾಲು ಹೊರಡುತ್ತದೆ. ಬಂದವರಿಗೆ ತೋರಿಸಲು ಚರಿತ್ರೆ ಬೇಕಾದಷ್ಟಿದೆ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆ. ಕಮಿಷನರ್ ಮಾರ್ಕ್ ಕಬ್ಬನ್ ಬೇಸಗೆ ಕಳೆಯುತ್ತಿದ್ದ ಬಂಗಲೆ. 1927ರಲ್ಲಿ, ಮತ್ತೆ 1936ರಲ್ಲಿ ಗಾಂಧೀಜಿ ವಿಶ್ರಮಿಸಿದ ತಾಣ. 1986ರಲ್ಲಿ ಸಾರ್ಕ್ ನಾಯಕರು ಕುಳಿತು ಮಾತಾಡಿದ ಜಾಗ. ಅದೇ ವಸಾಹತುಕಾಲದ ಇನ್ನೊಂದು ನೆನಪು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿದೆ. 1938ರ ಏಪ್ರಿಲ್ 25ರಂದು ಧ್ವಜ ಹಿಡಿದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ಬೆಟ್ಟದ ತಂಪಿಗೆ ಬಂದವರಲ್ಲಿ ಅಲ್ಲಿಯವರೆಗೆ ಹೋಗುವವರು ವಿರಳ.

ನಂದಿಯ ಅತಿ ದೊಡ್ಡ ವಸಾಹತುಕಾಲೀನ ಸ್ಮಾರಕ ಯಾವ ಬಂಗಲೆಯೂ ಅಲ್ಲ, ನೀಲಗಿರಿ ಮರ. ಭಾರತದ ಮೊದಲ ನೀಲಗಿರಿಗಳನ್ನು 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಇಲ್ಲಿ ನೆಡಿಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಆಸ್ಟ್ರೇಲಿಯದಲ್ಲಿ ಬ್ರಿಟಿಷರು ನೆಲೆಯೂರಿದ್ದೇ 1788ರಲ್ಲಿ. ಅವರೊಡನೆ ಯುದ್ಧದಲ್ಲಿದ್ದ ಅರಸನಿಗೆ ಎರಡೇ ವರ್ಷದಲ್ಲಿ ಬೀಜ ತಲುಪಿದ ಬಗೆ ಯಾವುದೆಂದು ಇತಿಹಾಸಜ್ಞರು ಕೇಳಬೇಕು. ಅದೇನೇ ಇರಲಿ, ‘ಮೈಸೂರು ಗಮ್’ ಎಂದು ದೇಶವೆಲ್ಲ ಹರಡಿದ ತಳಿಯ ತವರು ಈ ಬೆಟ್ಟವೆಂದೇ ಪ್ರತೀತಿ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅದು ರಾಗಿಯ ಹೊಲಕ್ಕೂ ಇಳಿಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತೆಸೆದರು. 2006ರ ಮಾರ್ಚ್ 8ರಂದು ಬ್ರೆಜಿಲ್‌ನ ರೈತಮಹಿಳೆಯರು ಅಂಥದೇ ಸಸ್ಯಕ್ಷೇತ್ರವೊಂದಕ್ಕೆ ನುಗ್ಗಿದರು. 

ವಿಜ್ಞಾನ ಏನು ಹೇಳುತ್ತದೆ? ಇಲ್ಲಿ ಆವೇಶಕ್ಕಿಂತ ನಿಖರತೆ ಮುಖ್ಯ. ಕರ್ನಾಟಕದಲ್ಲಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ, ತೆಳುಮಣ್ಣಿನಲ್ಲಿ ನೀಲಗಿರಿ ಕುಡಿಯುವ ನೀರು ನಾಡಿನ ಎಲೆಯುದುರುವ ಕಾಡಿನದಕ್ಕಿಂತ ಹೆಚ್ಚಲ್ಲ. ಆದರೆ ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಬೆಳೆಯುವ ಮರಗಳು, ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದವು. ಬೇರುಗಳು ಕೆಳಕೆಳಗೆ ಇಳಿಯುತ್ತ ಹಿಂದಿನ ವರ್ಷಗಳ ತೇವವನ್ನೂ ಹೀರಿದ್ದವು. ರಾಗಿಯ ಹೊಲವಾಗಿದ್ದರೆ ಆ ತೇವ ಅಲ್ಲಿಯೇ ಉಳಿಯುತ್ತಿತ್ತು, ಒಳ್ಳೆಯ ಮಳೆಯ ವರ್ಷದಲ್ಲಿ ಕೆಳಕ್ಕೂ ಇಂಗುತ್ತಿತ್ತು. ಹೊಸ ನೆಡುತೋಪನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಕಡಿದ ನೀಲಗಿರಿ ಬುಡದಿಂದ ಮತ್ತೆ ಚಿಗುರುತ್ತದೆ. ಬುಡವನ್ನೇ ಕೀಳಿಸಲು ಬೇಕಾದ ಹಣ ಸಣ್ಣ ರೈತನ ಕೈಯಲ್ಲಿರುವುದಿಲ್ಲ. ಎಲ್ಲ ಪಾಪವನ್ನೂ ಈ ಮರದ ಮೇಲೆ ಹೊರಿಸುವುದೂ ನ್ಯಾಯವಲ್ಲ. ಶಿಡ್ಲಘಟ್ಟದ ರೇಷ್ಮೆಗೆ ಬೇಕಾದ ಹಿಪ್ಪುನೇರಳೆಗೂ, ದ್ರಾಕ್ಷಿಗೂ, ತರಕಾರಿಗೂ ನೀರೆತ್ತಿದ್ದು ಸಾವಿರ ಅಡಿ ದಾಟಿದ ಕೊಳವೆಬಾವಿಗಳೇ.

ನಂದಿಯ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯ ನೀರು 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯಲ್ಲಿ ಹರಿಯಿತು. ಇಂದು ಹೆಬ್ಬಾಳ–ನಾಗವಾರ ಕಣಿವೆಯಿಂದ ನಗರ ತನ್ನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಮೇಲಕ್ಕೆತ್ತಿ ಕಳುಹಿಸುತ್ತಿದೆ. ಪಿನಾಕಿನಿಗಳಿಗೂ ಚಿತ್ರಾವತಿಗೂ ಇದೇ ಬೆಟ್ಟಸಾಲು ತಾಯಿ. ಬೆಟ್ಟವನ್ನು ಬರಿಯ ಸೂರ್ಯೋದಯದ ವೇದಿಕೆಯೆಂದು ಕಂಡರೆ ಈ ಲೆಕ್ಕ ತಪ್ಪಿಹೋಗುತ್ತದೆ. 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಕುಸಿದು, ಮೇಲೇರುವ ರಸ್ತೆ ಕೊಚ್ಚಿಹೋಗಿ, ಪ್ರವೇಶ ತಿಂಗಳುಗಟ್ಟಲೆ ನಿಂತಿತು. ಬಂಡೆಯ ಮೇಲಿನ ತೆಳುಮಣ್ಣನ್ನು ಹಿಡಿದಿರುವುದು ಬೇರುಗಳು. ಮಣ್ಣು ಕಡಿದು, ಡಾಂಬರು ಹಾಕಿ, ನೀರನ್ನು ಒಂದೇ ಕಡೆಗೆ ತಿರುಗಿಸಿದಲ್ಲಿ ಅದು ತನ್ನ ದಾರಿ ತಾನೇ ಕೊರೆದುಕೊಳ್ಳುತ್ತದೆ.

ಇದಾದ ಮೇಲೆ 2023ರ ಮಾರ್ಚ್‌ನಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದದ ರೋಪ್‌ವೇಗೆ ಶಂಕುಸ್ಥಾಪನೆ ನಡೆಯಿತು. ರಸ್ತೆಯ ವಾಹನ ಕಡಿಮೆಯಾಗುವುದಾದರೆ ಅದರಲ್ಲಿ ಗುಣವೂ ಇರಬಹುದು. ಮೊದಲೇ ಬೇಡವೆನ್ನುವ ಅಗತ್ಯವಿಲ್ಲ. ಆದರೆ ರಸ್ತೆಯೂ ತೆರೆದಿದ್ದು ರೋಪ್‌ವೇಯೂ ಓಡಿದರೆ ಜನ ಇಮ್ಮಡಿಯಾಗುತ್ತಾರೆ, ವಾಹನವೂ ಇಳಿಯುವುದಿಲ್ಲ. ಶಿಖರದಲ್ಲಿ ದಿನಕ್ಕೆ ಎಷ್ಟು ಜನರಿಗೆ ಮಿತಿ? ಅವರಿಗೆ ಬೇಕಾದ ನೀರು ಯಾವ ಊರಿನ ಬಾವಿಯಿಂದ ಮೇಲೇರುತ್ತದೆ? ಬಳಸಿದ ನೀರು ಯಾವ ನದಿಯ ಇಳಿಜಾರಿಗೆ ಬೀಳುತ್ತದೆ? ಕಂಬದ ಕುಣಿ ತೋಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ಈ ನಾಲ್ಕು ಪ್ರಶ್ನೆಗಳನ್ನು ಬೆಟ್ಟದ ಬುಡದ ಗ್ರಾಮಸಭೆಗಳು ಲಿಖಿತವಾಗಿ ಕೇಳಿ, ಲಿಖಿತ ಉತ್ತರವನ್ನು ಪಡೆದು, ಮುಂದಿನ ಮಳೆಗಾಲದೊಳಗೆ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಬೇಕು.