ಉಪಕರಣ ಪುಕ್ಕಟೆ, ಪಳಗಿದ ಕಣ್ಣು ಪುಕ್ಕಟೆಯಲ್ಲ



ನಿಮ್ಮ ಕಾಲೇಜಿನ ಈ ಮೇಳದ ಆಹ್ವಾನ ಪತ್ರಿಕೆ ನೋಡಿದವರಿಗೆಲ್ಲ ಒಂದು ಪ್ರಶ್ನೆ ಎದ್ದಿರಬೇಕು. ಪ್ರಯೋಗಾಲಯದಲ್ಲಿ ನೆಟ್‌ವರ್ಕ್ ಪರೀಕ್ಷಿಸುವ ತಂತ್ರಾಂಶಗಳ ಪ್ರದರ್ಶನ, ಮೈದಾನದಲ್ಲಿ ಚೀನಾದ ಕುಂಗ್ ಫೂ. ಎಲ್ಲಿಯ ಕೇಬಲ್ಲು, ಎಲ್ಲಿಯ ಕುಂಗ್ ಫೂ? ಸಂಘಟಕರು ಎರಡು ಕಾರ್ಯಕ್ರಮಗಳ ಖರ್ಚನ್ನು ಒಂದೇ ಶಾಮಿಯಾನದಲ್ಲಿ ಮುಗಿಸಿದ್ದಾರೆ ಎಂದು ಯಾರಾದರೂ ಹೇಳಿದರೆ ಅದರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಈ ಎರಡೂ ಕಡೆ ಕೆಲಸ ಮಾಡಿದವನಾಗಿ ನನಗೆ ಈ ಜೋಡಿ ಸರಿಯಾಗಿಯೇ ಕಾಣುತ್ತದೆ.

ಮೊದಲು ಪ್ರಯೋಗಾಲಯದ ಮಾತು. ಅಲ್ಲಿ ಹೆಚ್ಚಿನ ಪರದೆಗಳ ಮೇಲೆ ನೀವು ನೋಡುವ ತಂತ್ರಾಂಶ ವೈರ್‌ಶಾರ್ಕ್. ಅಮೆರಿಕದ ಕಾನ್ಸಾಸ್ ಸಿಟಿಯ ಒಂದು ಸಣ್ಣ ಇಂಟರ್‌ನೆಟ್ ಸೇವಾ ಕಂಪನಿಯಲ್ಲಿದ್ದ ಜೆರಾಲ್ಡ್ ಕೋಂಬ್ಸ್ ಎಂಬ ಎಂಜಿನಿಯರ್ 1990ರ ದಶಕದ ಕೊನೆಯಲ್ಲಿ ಇದನ್ನು ಬರೆಯಲು ಕೂತರು. ಆಗ ಮಾರುಕಟ್ಟೆಯಲ್ಲಿದ್ದ ಇಂಥ ಸಾಧನಗಳ ಬೆಲೆ ಸುಮಾರು 1500 ಡಾಲರ್. ಅಷ್ಟು ಕೊಟ್ಟರೂ ಅವರ ಕಂಪನಿಯಲ್ಲಿದ್ದ ಲಿನಕ್ಸ್, ಸೊಲಾರಿಸ್ ಯಂತ್ರಗಳ ಮೇಲೆ ಅವು ನಡೆಯುತ್ತಿರಲಿಲ್ಲ. 1998ರಲ್ಲಿ 'ಇಥೀರಿಯಲ್' ಎಂಬ ಹೆಸರಿನಲ್ಲಿ ಅದು ಹೊರಬಂತು. ಕೋಂಬ್ಸ್ ಬೇರೆ ಕೆಲಸಕ್ಕೆ ಸೇರಿದಾಗ ಹೆಸರಿನ ಹಕ್ಕು ಅವರ ಜೊತೆ ಬರಲಿಲ್ಲ. ಹಾಗಾಗಿ 2006ರಲ್ಲಿ ಅದು ವೈರ್‌ಶಾರ್ಕ್ ಆಯಿತು. ಪ್ರಪಂಚದ ನಾನಾ ಮೂಲೆಗಳ ನೂರಾರು ಜನ ಅದಕ್ಕೆ ಕೋಡ್ ಬರೆದುಕೊಟ್ಟರು. 2018ರ ಸಾಲಿಗೆ ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಅದಕ್ಕೆ ಸಂದಿತು. ಅದೇ ಪ್ರಶಸ್ತಿ ಹಿಂದೆ ಯುನಿಕ್ಸ್‌ಗೆ, ಟಿಸಿಪಿ/ಐಪಿಗೆ, ವರ್ಲ್ಡ್ ವೈಡ್ ವೆಬ್‌ಗೆ ಬಂದಿತ್ತು ಎಂದರೆ ಅದರ ತೂಕ ನಿಮಗೆ ಗೊತ್ತಾಗುತ್ತದೆ. ಮೊದಲ ಬಿಡುಗಡೆಯಿಂದ ಈ ಮನ್ನಣೆಗೆ ಇಪ್ಪತ್ತು ವರ್ಷ ಹಿಡಿಯಿತು.

ಇಂಥ ಪ್ರಶಸ್ತಿವಿಜೇತ ತಂತ್ರಾಂಶವನ್ನು ನೀವು ಇವತ್ತೇ ಒಂದು ಪೈಸೆ ಕೊಡದೆ ಇಳಿಸಿಕೊಳ್ಳಬಹುದು. ಇಳಿಸಿಕೊಂಡು ತೆರೆದರೆ ಏನು ಕಾಣುತ್ತದೆ? ಸರಸರನೆ ಓಡುವ ಸಾಲುಗಳು. ಓದಲು ಬಾರದವನಿಗೆ ಅದು ಬರೀ ಬಣ್ಣದ ಜಾತ್ರೆ.

ನಮ್ಮ ವೃತ್ತಿಯವರು ಪದೇ ಪದೇ ಎದುರಿಸುವ ಒಂದು ಪ್ರಸಂಗ ಹೇಳುತ್ತೇನೆ. ಶಾಖಾ ಕಚೇರಿಯವರು ಫೋನ್ ಮಾಡಿ, 'ಪಿಂಗ್ ಬರ್ತಾ ಇದೆ, ವೆಬ್‌ಸೈಟ್ ಮಾತ್ರ ತೆರೀತಾ ಇಲ್ಲ' ಎನ್ನುತ್ತಾರೆ. ಪಿಂಗ್ ಎಂಬ ಪರೀಕ್ಷಾ ಸಂದೇಶಕ್ಕೆ ಉತ್ತರ ಬರುತ್ತಿದ್ದರೆ ದಾರಿ ಸರಿಯಿದೆ ಎಂದು ಹೊಸಬರು ಕೈತೊಳೆದುಕೊಳ್ಳುತ್ತಾರೆ. ಪಳಗಿದವರು ವೈರ್‌ಶಾರ್ಕ್ ಹಚ್ಚಿ ನೋಡುತ್ತಾರೆ. ಎರಡೂ ಕಡೆಯ ಆರಂಭದ ಕೈಕುಲುಕುವಿಕೆ ಸಲೀಸಾಗಿ ಮುಗಿದಿದೆ. ಆಮೇಲೆ ಒಂದು ದೊಡ್ಡ ಪ್ಯಾಕೆಟ್ ಹೊರಟಿದೆ, ಉತ್ತರ ಇಲ್ಲ. ಅದನ್ನೇ ಮತ್ತೆ ಕಳಿಸಲಾಗಿದೆ, ಉತ್ತರ ಇಲ್ಲ. ಪ್ರತಿ ಸಲವೂ ಕಾಯುವ ಹೊತ್ತು ದುಪ್ಪಟ್ಟು. ಪರದೆಯ ಮೇಲೆ ಕಪ್ಪು ಪಟ್ಟಿಯಲ್ಲಿ ಕೆಂಪು ಅಕ್ಷರದ ಸಾಲುಗಳು. ನಡೆದದ್ದು ಇಷ್ಟೇ: ಸಾಮಾನ್ಯ ಈಥರ್‌ನೆಟ್ ದಾರಿಯಲ್ಲಿ 1500 ಬೈಟ್‌ಗಳ ಪ್ಯಾಕೆಟ್ ಹೋಗುತ್ತದೆ. ನಡುವೆ ವಿಪಿಎನ್ ಸುರಂಗ ಬಂದಾಗ ಅದು ತನ್ನ ಪಾಲಿನ ಜಾಗ ತಿನ್ನುವುದರಿಂದ ದಾರಿ ಕಿರಿದಾಗುತ್ತದೆ. 'ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ' ಎಂದು ನಡುವಿನ ರೌಟರ್ ಸಂದೇಶ ಕಳಿಸುತ್ತದೆ. ಆದರೆ ಯಾರೋ ಭದ್ರತೆಯ ಹೆಸರಿನಲ್ಲಿ ಪಿಂಗ್ ಒಂದನ್ನು ಬಿಟ್ಟು ಅಂಥ ಸಂದೇಶಗಳಿಗೆಲ್ಲ ಫೈರ್‌ವಾಲ್‌ನಲ್ಲಿ ಬಾಗಿಲು ಹಾಕಿದ್ದಾರೆ. ಪಿಂಗ್ ಪುಟ್ಟದು, ನುಸುಳಿ ಹೋಗುತ್ತದೆ. ಭಾರ ಹೊತ್ತದ್ದು ಮಾತ್ರ ಸಿಕ್ಕಿಬೀಳುತ್ತದೆ. ಈ ರೋಗವನ್ನು ವೈರ್‌ಶಾರ್ಕ್ ಪತ್ತೆ ಹಚ್ಚಲಿಲ್ಲ, ಅದು ತೋರಿಸಿತು ಅಷ್ಟೇ. ಪತ್ತೆ ಹಚ್ಚಿದ್ದು ಅದನ್ನು ಓದಬಲ್ಲ ಮನುಷ್ಯ.

ಈಗ ಮೈದಾನಕ್ಕೆ ಬನ್ನಿ. ಅಲ್ಲಿ ಹಾರುವ ಒದೆತಗಳನ್ನು ನೋಡುವ ಮೊದಲು ಮೂಲೆಯಲ್ಲಿ ಅಲುಗಾಡದೆ ನಿಂತ ಮಕ್ಕಳನ್ನು ನೋಡಿ. ಅದು ಮಾಬು, ಕುದುರೆ ಸವಾರನ ನಿಲುವು. ಪಾದಗಳನ್ನು ಭುಜಕ್ಕಿಂತ ಅಗಲವಾಗಿಟ್ಟು, ಬೆನ್ನು ನೆಟ್ಟಗೆ ಹಿಡಿದು, ಮಂಡಿ ಮಡಿಸಿ ತಗ್ಗಿ ನಿಲ್ಲಬೇಕು. ಮೊದಲ ಅರ್ಧ ನಿಮಿಷ ಎಲ್ಲರೂ ಶೂರರು. ಆಮೇಲೆ ತೊಡೆ ನಡುಗುತ್ತದೆ. ಒಬ್ಬ ಮೆಲ್ಲಗೆ ಸೊಂಟ ಮೇಲೆತ್ತುತ್ತಾನೆ, ಇನ್ನೊಬ್ಬಳು ಮುಂದಕ್ಕೆ ಬಾಗುತ್ತಾಳೆ. ಗುರು ಕಾಯುತ್ತಿರುವುದು ಆ ಗಳಿಗೆಗಾಗಿಯೇ. ಯಾರ ದೌರ್ಬಲ್ಯ ಎಲ್ಲಿದೆ ಎನ್ನುವುದು ಭಾರ ಬಿದ್ದಾಗ ಮಾತ್ರ ಹೊರಗೆ ಬರುತ್ತದೆ. ಮುಂದಿನ ಹಂತ ತುಯ್‌ಶೌ. ಇಬ್ಬರು ಮುಂಗೈಗೆ ಮುಂಗೈ ತಾಗಿಸಿ, ಒತ್ತುತ್ತಾ ಸಡಿಲಿಸುತ್ತಾ ಸುತ್ತುತ್ತಾರೆ. ಎದುರಿನವರ ಬಲ ಯಾವ ಕಡೆ ವಾಲುತ್ತಿದೆ ಎನ್ನುವುದನ್ನು ಚರ್ಮವೇ ತಿಳಿದುಕೊಳ್ಳಬೇಕು. ನಿಮ್ಮ ತೂಕ ತಪ್ಪಿದ ಜಾಗವನ್ನು ಜೊತೆಗಾರ ಹಗುರವಾಗಿ ತಳ್ಳಿ ತೋರಿಸುತ್ತಾನೆ. ಒಳ್ಳೆಯ ಟೆಸ್ಟರ್ ತನ್ನ ಡೆವಲಪರ್‌ಗೆ ಮಾಡುವ ಉಪಕಾರವೂ ಇದೇ. ಕಂಪನಿಗಳಲ್ಲಿ ಈ ಇಬ್ಬರ ನಡುವೆ ಇರುವ ಮುನಿಸು ನಿಮಗೆ ಮುಂದೆ ಗೊತ್ತಾಗುತ್ತದೆ. ಆಗ ತುಯ್‌ಶೌ ನೆನಪಿಸಿಕೊಳ್ಳಿ.

ಈ ತುಯ್‌ಶೌ ಸೇರಿದ ತಾಯ್‌ಚಿ ಎಂಬ ಕುಂಗ್ ಫೂ ವಿದ್ಯೆಯೂ ಒಂದು ಕಾಲಕ್ಕೆ ಮುಚ್ಚಿಟ್ಟದ್ದೇ. ಹೆನಾನ್ ಪ್ರಾಂತದ ಚೆನ್ ಮನೆತನದವರ ಹಳ್ಳಿಯಲ್ಲಿ ತಾಯ್‌ಚಿ ಮನೆಯವರ ಸೊತ್ತಾಗಿತ್ತು. 19ನೇ ಶತಮಾನದಲ್ಲಿ ಚೆನ್ ಚಾಂಗ್‌ಶಿಂಗ್ ಎಂಬ ಗುರು ಹೊರಗಿನವನಾದ ಯಾಂಗ್ ಲೂಚಾನ್‌ಗೆ ಅದನ್ನು ಕಲಿಸಿದರು. ಯಾಂಗ್ ಬೀಜಿಂಗ್‌ಗೆ ಒಯ್ದರು. ಇವತ್ತು ಪ್ರಪಂಚದ ಉದ್ಯಾನಗಳಲ್ಲೆಲ್ಲ ಜನ ಅದನ್ನು ಮಾಡುತ್ತಾರೆ. 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಗಿಲು ತೆರೆದದ್ದರಿಂದ ವಿದ್ಯೆ ಬೆಳೆಯಿತು. ಆದರೆ ತೆರೆದ ಬಾಗಿಲು ಯಾರ ತೊಡೆಯ ನಡುಕವನ್ನೂ ಕಡಿಮೆ ಮಾಡಲಿಲ್ಲ.

ಪರೀಕ್ಷಿಸುವ ಕಣ್ಣನ್ನು ನಮಗೆ ಪ್ರಿಯವಾದ ನಂಬಿಕೆಗಳ ಮೇಲೂ ಇಡಬೇಕು. ಕುಂಗ್ ಫೂ ಭಾರತದಿಂದ ಹೋದ ಭಿಕ್ಷು ಬೋಧಿಧರ್ಮರು ಕೊಟ್ಟ ಕೊಡುಗೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಈ ಕಥೆಗೆ ಆಧಾರವಾದ 'ಯಿಜಿನ್ ಜಿಂಗ್' ಅವರ ಕಾಲಕ್ಕಿಂತ ಎಷ್ಟೋ ಈಚಿನ, 17ನೇ ಶತಮಾನದ ಪುಸ್ತಕ. ಚೀನಾದ ಇತಿಹಾಸಕಾರ ತಾಂಗ್ ಹಾವೊ 1930ರಲ್ಲೇ ಈ ಕಥೆ ನಿಲ್ಲುವುದಿಲ್ಲ ಎಂದು ತೋರಿಸಿದರು. ಹಾಗೆಂದು ನಮ್ಮ ನಂಟು ಸುಳ್ಳಲ್ಲ. ಕುಂಗ್ ಫೂಗೆ ಹೆಸರಾದ ಶಾವೊಲಿನ್ ಮಠವನ್ನು 495ರಲ್ಲಿ ಕಟ್ಟಿಸಿದ್ದೇ ಭಾರತದಿಂದ ಹೋದ ಬತುವೊ ಎಂಬ ಭಿಕ್ಷುವಿಗಾಗಿ. ದಾಖಲೆ ಒಪ್ಪುವ ಹೆಮ್ಮೆ ನಮಗೆ ಸಾಕು.

ಕೊನೆಯದಾಗಿ ಒಂದು ಎಚ್ಚರಿಕೆ. ಚೀನೀ ಗುರುಗಳು ಶಿಷ್ಯನ ಕೈಕಾಲಿಗಿಂತ ಮೊದಲು ಅವನ ನಡತೆ ನೋಡುತ್ತಿದ್ದರು. ನೀವು ಇಲ್ಲಿ ಕಲಿಯುವ ವಿದ್ಯೆಗೂ ಆ ಶಿಸ್ತು ಬೇಕು. ಇನ್ನೊಬ್ಬರ ನೆಟ್‌ವರ್ಕಿಗೆ ಅನುಮತಿಯಿಲ್ಲದೆ ಕೈ ಹಾಕುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಹಾಸ್ಟೆಲ್ ವೈಫೈ ಮೇಲೆ ಪ್ರಯೋಗ ಮಾಡುವ ಆಸೆ ಯಾರಿಗಾದರೂ ಇದ್ದರೆ ಮೊದಲು ವಾರ್ಡನ್ ಸಹಿ ಮಾಡಿಸಿಕೊಳ್ಳಿ.

ಬಂದ ಪೋಷಕರಲ್ಲಿ ನನ್ನ ವಿನಂತಿ: ಮಳಿಗೆಗಳಲ್ಲಿ 'ಇದಕ್ಕೆ ಕೆಲಸ ಸಿಗುತ್ತಾ' ಎಂದು ಕೇಳುವ ಮೊದಲು 'ಇದು ಹೇಗೆ ಗೊತ್ತಾಯಿತು' ಎಂದು ಕೇಳಿ. ಮಕ್ಕಳು ತಡವರಿಸಿದರೆ ಸ್ವಲ್ಪ ಕಾಯಿರಿ, ಉತ್ತರ ಬರುತ್ತದೆ. ವಿದ್ಯಾರ್ಥಿಗಳೇ, ಪ್ರಯೋಗಾಲಯದವರು ಮಧ್ಯಾಹ್ನ ಮೈದಾನಕ್ಕೆ ಬಂದು ಒಂದು ನಿಮಿಷ ಮಾಬುವಿನಲ್ಲಿ ನಿಲ್ಲಿ. ಮೈದಾನದವರು ಪ್ರಯೋಗಾಲಯಕ್ಕೆ ಹೋಗಿ ಒಂದು ಪ್ಯಾಕೆಟ್ ಬಿಡಿಸಿ ಓದಿ. ಎರಡು ದಿನಗಳ ಈ ಮೇಳವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಎಲ್ಲ ಮಳಿಗೆಗಳೂ ತೆರೆಯಲಿ, ನಡೆಯಿರಿ.